ಸಿಂಗಳೀಕ ಚಿತ್ರದುರ್ಗದಲ್ಲಿ ಯಾಕಿಲ್ಲ? ಹವಾಮಾನ, ಆವಾಸ ಮತ್ತು ಜೀವಿಗಳ ನೆಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಷಿ ನೋಡುವವರು, ಸಸಿ ನೆಡುವವರು, ಕಾಲೇಜಿನ ಪ್ರಾಜೆಕ್ಟಿಗೆ ನಕ್ಷೆ ಮಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಹೆಚ್ಚಿನ ಉದಾಹರಣೆಗಳು ಪಶ್ಚಿಮ ಘಟ್ಟ ಮತ್ತು ಅದರ ಮಗ್ಗುಲಿನ ಬಯಲುಸೀಮೆಯವು. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬೇರೆ ಬೇರೆ ಹವಾಮಾನ ಸಿಗುವ ಜಾಗ ದೇಶದಲ್ಲೇ ಹೆಚ್ಚಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ನೇರ ಗೆರೆ ಎಳೆದರೆ 200 ಕಿ.ಮೀ.ಗೂ ಹತ್ತಿರವಿರುವ ಚಳ್ಳಕೆರೆಗೆ ಸಿಗುವುದು 500 ಮಿ.ಮೀ. ಆಸುಪಾಸು.

ಒಂದು ಜೀವಿ ಎಲ್ಲಿರುತ್ತದೆ ಎಂಬುದನ್ನು ಹವಾಮಾನವೇ ತೀರ್ಮಾನಿಸುತ್ತದೆಯೇ?

ಹೊರಗಿನ ಬೇಲಿಯನ್ನು ಹವಾಮಾನ ಹಾಕುತ್ತದೆ. ಬೇಲಿಯೊಳಗೆ ಎಲ್ಲಿ ಇರಬೇಕು ಎಂಬುದನ್ನು ಮಣ್ಣು, ನೀರು, ಆಹಾರ, ಗೂಡಿನ ಜಾಗ, ಬೇಟೆಗಾರ ಪ್ರಾಣಿ, ಪೈಪೋಟಿ, ಹಳೆಯ ಭೂಗೋಳ ಮತ್ತು ಮನುಷ್ಯ ಸೇರಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಕಠಿಣ ಕಡೆಯ ಗಡಿಯನ್ನು, ಅಂದರೆ ಒಣ, ಚಳಿ ಅಥವಾ ಉಪ್ಪಿನ ಕಡೆಯದನ್ನು, ದೇಹದ ತಾಳಿಕೆ ಎಳೆಯುತ್ತದೆ. ಹಿತವಾದ ಕಡೆಯ ಗಡಿಯನ್ನು ಎಳೆಯುವುದು ಹೆಚ್ಚಾಗಿ ಬೇರೆ ಜೀವಿಗಳು. 1961ರಲ್ಲಿ ಜೋಸೆಫ್ ಕನೆಲ್ ಸ್ಕಾಟ್ಲೆಂಡಿನ ಕಡಲತಡಿಯ ಬಂಡೆಗಳ ಮೇಲೆ ಅಂಟಿಕೊಂಡು ಬದುಕುವ ಬಾರ್ನಕಲ್‌ಗಳಲ್ಲಿ ಇದನ್ನೇ ತೋರಿಸಿದರು. ಒಂದು ಜಾತಿಯ ಬಾರ್ನಕಲ್ ಬಂಡೆಯ ಮೇಲ್ಭಾಗದಲ್ಲಷ್ಟೇ ಇತ್ತು. ಕೆಳಗಿದ್ದ ಇನ್ನೊಂದು ಜಾತಿಯನ್ನು ಕೆರೆದು ತೆಗೆದಾಗ ಮೊದಲನೆಯದು ಕೆಳಗೂ ಚೆನ್ನಾಗಿಯೇ ಬದುಕಿತು. ಹಾಗಾಗಿ ಇವತ್ತು ಜೀವಿ ಸಿಗುವ ಜಾಗ ಬೇರೆ, ಅದು ಬದುಕಬಲ್ಲ ಜಾಗ ಬೇರೆ. ಮುಂದಿನ ಬಹುಪಾಲು ಗೊಂದಲ ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ.

ಮಳೆ ಹೆಚ್ಚಾದಷ್ಟೂ ಕಾಡು ದಟ್ಟ, ಜೀವಿಗಳೂ ಹೆಚ್ಚು. ಇದು ಸರಿಯಲ್ಲವೇ?

ಅರ್ಧ ಸರಿ. ವರ್ಷದ ಒಟ್ಟು ಮಳೆಗಿಂತ ಮಳೆಯಿಲ್ಲದ ತಿಂಗಳು ಎಷ್ಟು ಎಂಬುದು ದೊಡ್ಡ ಪ್ರಶ್ನೆ. ಪಶ್ಚಿಮ ಘಟ್ಟದ ಇಡೀ ಸಸ್ಯಸಂಪತ್ತನ್ನು ಈ ಒಂದು ಕಣ್ಣಿನಿಂದ ಓದಬಹುದು.

ಘಟ್ಟದ ದಕ್ಷಿಣ ತುದಿಯ ಅಗಸ್ತ್ಯಮಲೆಯ ಕಡೆಗೆ ಮುಂಗಾರಿನ ಜೊತೆ ಹಿಂಗಾರೂ ಸಿಗುತ್ತದೆ, ಬೇಸಿಗೆಯ ಗುಡುಗು ಮಳೆಯೂ ಬೇಗ ಶುರುವಾಗುತ್ತದೆ. ಅಲ್ಲಿ ಒಣ ತಿಂಗಳು ಎರಡೋ ಮೂರೋ. ಉತ್ತರಕ್ಕೆ ಹೋದಂತೆ ಮುಂಗಾರು ತಡವಾಗಿ ಬಂದು ಬೇಗ ಹಿಂದೆ ಸರಿಯುತ್ತದೆ. ಉತ್ತರ ಕನ್ನಡದಲ್ಲಿ ಒಣ ಅವಧಿ ಐದಾರು ತಿಂಗಳು, ಮಹಾರಾಷ್ಟ್ರದ ಘಟ್ಟದಲ್ಲಿ ಏಳೆಂಟು. ಮಹಾಬಲೇಶ್ವರದಲ್ಲಿ ಬೀಳುವ ಒಟ್ಟು ಮಳೆ ಕೇರಳದ ಎಷ್ಟೋ ಕಾಡುಗಳಿಗಿಂತ ಹೆಚ್ಚು. ಆದರೂ ದಕ್ಷಿಣದ ನಿತ್ಯಹರಿದ್ವರ್ಣ ಮರಗಳಲ್ಲಿ ಅನೇಕ ಅಲ್ಲಿ ಇಲ್ಲ. ಜುಲೈನಲ್ಲಿ ಸುರಿದ 2,000 ಮಿ.ಮೀ. ಮಳೆಯ ಬಹುಪಾಲು ಹೊಳೆಗೆ ಓಡಿಹೋಗುತ್ತದೆ. ಮಾರ್ಚಿನಲ್ಲಿ ಎಳೆ ಸಸಿಯ ಬೇರಿಗೆ ಅದು ಸಿಗುವುದಿಲ್ಲ.

ಕಪ್ಪೆಗಳಲ್ಲೂ ಇದೇ ಕಥೆ. ಚರ್ಮದಿಂದಲೂ ಉಸಿರಾಡುವ, ಚರ್ಮ ಒಣಗಿದರೆ ಬದುಕದ ಪ್ರಾಣಿಗೆ ವರ್ಷದ ಸರಾಸರಿ ಏನೂ ಹೇಳುವುದಿಲ್ಲ. ಅತಿ ಒಣ ವಾರ ಹೇಗಿತ್ತು ಎಂಬುದಷ್ಟೇ ಅದಕ್ಕೆ ಮುಖ್ಯ.

ನಮ್ಮ ಊರಿನ ಒಣ ತಿಂಗಳುಗಳನ್ನು ನಾವೇ ಲೆಕ್ಕ ಹಾಕಬಹುದೇ?

ಧಾರಾಳವಾಗಿ. ಬಾನ್ಯೂಲ್ಸ್ ಮತ್ತು ಗೋಸೆನ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿಗಳ ಹಳೆಯ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ತಿಂಗಳ ಮಳೆ ಮಿಲಿಮೀಟರಿನಲ್ಲಿ, ಆ ತಿಂಗಳ ಸರಾಸರಿ ಉಷ್ಣಾಂಶ ಸೆಲ್ಸಿಯಸ್‌ನಲ್ಲಿ. ಮಳೆಯ ಅಂಕಿ ಉಷ್ಣಾಂಶದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಅದು ಒಣ ತಿಂಗಳು. ಏಪ್ರಿಲ್ ಸರಾಸರಿ 27 ಡಿಗ್ರಿ ಇದ್ದರೆ ಮಿತಿ 54 ಮಿ.ಮೀ. 40 ಮಿ.ಮೀ. ಬಿದ್ದಿದ್ದರೆ ಒಣ, 70 ಬಿದ್ದಿದ್ದರೆ ಅಲ್ಲ.

1. ಹತ್ತಿರದ ಮಳೆಮಾಪಕದ ತಿಂಗಳವಾರು ಅಂಕಿ ತೆಗೆದುಕೊಳ್ಳಿ. ಕನಿಷ್ಠ 10 ವರ್ಷದ್ದಿರಲಿ, 30 ಸಿಕ್ಕರೆ ಒಳ್ಳೆಯದು. ಹವಾಮಾನ ಇಲಾಖೆಯ ಕೇಂದ್ರಗಳಲ್ಲದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಮಾಪಕಗಳೂ ಇವೆ. ಹಳೆಯ ಕಾಫಿ, ಅಡಿಕೆ ತೋಟಗಳ ಮಳೆ ಪುಸ್ತಕಗಳು ಎಷ್ಟೋ ಸಲ ಇವೆಲ್ಲಕ್ಕಿಂತ ಉದ್ದದ ದಾಖಲೆ.
2. ಪ್ರತಿ ವರ್ಷದ ಒಣ ತಿಂಗಳನ್ನು ಬೇರೆ ಬೇರೆ ಎಣಿಸಿ, ಆಮೇಲೆ ಸರಾಸರಿ ಮಾಡಿ. ಮೊದಲೇ ಮಳೆಯ ಸರಾಸರಿ ಮಾಡಿಕೊಂಡರೆ ಒಂದು ವರ್ಷದ ಅಕಾಲಿಕ ಮಳೆ ಬಾಕಿ ವರ್ಷಗಳ ಬರವನ್ನು ಮುಚ್ಚಿಬಿಡುತ್ತದೆ.
3. ಅತಿ ಉದ್ದದ ನಿರಂತರ ಒಣ ಅವಧಿಯನ್ನೂ ಬರೆದಿಡಿ. ನಡುವೆ ಒಂದು ಮಳೆ ಬಂದು ಒಡೆದ ಆರು ತಿಂಗಳು ಬೇರೆ, ಎಡೆಬಿಡದ ಆರು ತಿಂಗಳು ಬೇರೆ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ತೋಟದ ಪುಸ್ತಕದಲ್ಲಿ ಮಳೆ ಇಂಚಿನಲ್ಲಿರುತ್ತದೆ. ಅದನ್ನು 25.4ರಿಂದ ಗುಣಿಸಬೇಕು. ಖಾಲಿ ಬಿಟ್ಟ ದಿನ ಮಳೆ ಇಲ್ಲದ ದಿನವೋ, ಬರೆಯಲು ಮರೆತ ದಿನವೋ ಎಂದು ಕೇಳಿ ತಿಳಿಯದೆ ಸೊನ್ನೆ ತುಂಬಬಾರದು.

ಹಾಗಾದರೆ ಸಿಂಗಳೀಕ ಚಿತ್ರದುರ್ಗದಲ್ಲಿ ಯಾಕಿಲ್ಲ?

ಸಿಂಗಳೀಕಕ್ಕೆ ಬಿಸಿಲು ನೇರವಾಗಿ ತಡೆಯಲ್ಲ. ಅದಕ್ಕೆ ಬೇಕಾದ್ದು ಹನ್ನೆರಡು ತಿಂಗಳೂ ಯಾವುದಾದರೂ ಒಂದು ಮರದಲ್ಲಿ ಹಣ್ಣು, ಮತ್ತು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹೋಗುವಷ್ಟು ಕೂಡಿಕೊಂಡ ಮರಗಳ ನೆತ್ತಿ. ಒಣ ತಿಂಗಳು ಹೆಚ್ಚಾದ ಕಡೆ ಮರಗಳು ಒಟ್ಟಿಗೆ ಎಲೆ ಉದುರಿಸುತ್ತವೆ, ಹಣ್ಣಿನ ಕಾಲವೂ ಕೆಲವೇ ವಾರಕ್ಕೆ ಕುಗ್ಗುತ್ತದೆ. ಹವಾಮಾನ ಕೋತಿಯನ್ನು ಹಿಡಿಯುವುದು ಹೀಗೆ, ಮರದ ಮೂಲಕ.

ಈಗ ಇದರ ದೊಡ್ಡ ಗುಂಪುಗಳು ಸಿಗುವ ಉತ್ತರದ ನೆಲೆ ಶಿರಸಿ–ಸಿದ್ದಾಪುರ–ಹೊನ್ನಾವರದ ಕಾಡು, ಅಘನಾಶಿನಿ ಮತ್ತು ಶರಾವತಿ ಕಣಿವೆ. ದಕ್ಷಿಣದ ಘಟ್ಟದಲ್ಲಿ ಅದರ ಮುಖ್ಯ ಆಹಾರ ಕುಲೇನಿಯಾ ಎಂಬ ಮುಳ್ಳುಕಾಯಿಯ ಮರ. ಆ ಮರ ಉತ್ತರ ಕನ್ನಡದಲ್ಲಿಲ್ಲ. ಇಲ್ಲಿ ಅತ್ತಿ–ಆಲದ ಜಾತಿಯವು, ಹೆಬ್ಬಲಸು, ಬೈನೆ, ರಾಮಪತ್ರೆ, ಉಪ್ಪಾಗೆ ಸೇರಿ ವರ್ಷ ತುಂಬಿಸುತ್ತವೆ. ಉಪ್ಪಾಗೆ ಊರಿನವರಿಗೂ ಆದಾಯದ ಹಣ್ಣು. ಕಾಯಿ ಬಲಿಯುವ ಮೊದಲೇ ಕೊಯ್ದರೆ ಕೋತಿಗೂ ಸಿಗದು, ಬೀಜಕ್ಕೂ ಉಳಿಯದು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದಾಗ ಅಭಯಾರಣ್ಯದ ಬದಲು ಮೀಸಲು ಎಂಬ ಬಗೆ ಆರಿಸಿಕೊಂಡದ್ದು ವಿವೇಕದ ಕೆಲಸ. ಜನರ ಸಂಗ್ರಹವನ್ನು ನಿಲ್ಲಿಸದೆ ಅದರ ಹೊತ್ತನ್ನು ಮಾತ್ರ ತಿದ್ದಲು ಅಲ್ಲಿ ಅವಕಾಶವಿತ್ತು. 2019ರಲ್ಲಿ ಆ ಮೀಸಲನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು.

ಉತ್ತರ ಕನ್ನಡದಲ್ಲಿ ಒಣ ತಿಂಗಳು ಐದಾರು ಎಂದಿರಿ. ಅಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಹೇಗೆ ಉಳಿದಿದೆ?

ಒಳ್ಳೆಯ ಪ್ರಶ್ನೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಗಳು ಮಳೆಯಿಂದ ಬದುಕಿಲ್ಲ, ಒರತೆಯಿಂದ ಬದುಕಿವೆ. ಗುಡ್ಡದ ಮೇಲಿನ ಕಾಡು ಮಳೆಗಾಲದ ನೀರನ್ನು ಹಿಡಿದು ಬೇಸಿಗೆಯಿಡೀ ತಗ್ಗಿಗೆ ಬಿಡುತ್ತದೆ. ವರ್ಷವಿಡೀ ಕೆಸರಿರುವ ಆ ತಗ್ಗಿನಲ್ಲಿ ಗಾಳಿಯಿಲ್ಲದ ಮಣ್ಣಿನಿಂದ ಮೇಲೆದ್ದ ಮಂಡಿಬೇರುಗಳು, ಊರುಗೋಲಿನಂತೆ ಇಳಿಬಿದ್ದ ಬೇರುಗಳು ಕಾಣುತ್ತವೆ. ಹವಾಮಾನ ಒಪ್ಪದ ಜಾಗದಲ್ಲಿ ನೆಲದ ಆಕಾರ ಒಂದು ಕಿಸೆಯನ್ನು ಕಾಪಾಡಿಕೊಂಡಿದೆ. ಮಣ್ಣಿನ ಮುದ್ದೆಯನ್ನು ತನ್ನ ಮೊಟ್ಟೆಗೆ ಮೆತ್ತುವ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಜಾತಿಯೆಂದು ವಿವರಿಸಿದ್ದು ಇದೇ ಕತ್ತಲೆಕಾನಿನಿಂದ.

ಜಡ್ಡಿ ಹಾಳಾಗುವ ದಾರಿಯೂ ಇದರಿಂದಲೇ ಗೊತ್ತಾಗುತ್ತದೆ. ಮರ ಕಡಿಯಬೇಕೆಂದೇನಿಲ್ಲ. ಮೇಲಿನ ಗುಡ್ಡ ಬೋಳಾದರೆ, ಒರತೆಯನ್ನು ಪೈಪಿನಲ್ಲಿ ತೋಟಕ್ಕೆ ತಿರುಗಿಸಿದರೆ, ನಡುವೆ ಆಳದ ಕಾಲುವೆ ತೋಡಿದರೆ ಸಾಕು. ದೊಡ್ಡ ಮರಗಳು ದಶಕಗಟ್ಟಲೆ ನಿಂತೇ ಇರುತ್ತವೆ, ಕೆಳಗೆ ಸಸಿ ಮಾತ್ರ ಇರುವುದಿಲ್ಲ. ಜಡ್ಡಿಯ ಆರೋಗ್ಯ ನೋಡಬೇಕಾದರೆ ಮೇಲೆ ನೋಡಬೇಡಿ, ಮಂಡಿ ಎತ್ತರದ ಸಸಿ ಎಣಿಸಿ.

ಅಷ್ಟೊಂದು ಮಳೆ ಬೀಳುವ ಕರಾವಳಿಯ ಮುರಕಲ್ಲಿನ ಹಾಸಿನ ಮೇಲೆ ಮರ ಯಾಕೆ ಬೆಳೆಯುವುದಿಲ್ಲ?

ಮಣ್ಣು ಕೆಲವೇ ಸೆಂಟಿಮೀಟರ್. ಮಳೆಗಾಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ಕಲ್ಲು ಕಾಯುತ್ತದೆ. ಸಾರಜನಕ, ರಂಜಕ ಎರಡೂ ಕಡಿಮೆ. ಹಾಗಾಗಿ ಅಲ್ಲಿ ಗೆದ್ದವು ಮೂರ್ನಾಲ್ಕು ತಿಂಗಳಲ್ಲಿ ಹುಟ್ಟಿ ಹೂಬಿಟ್ಟು ಬೀಜವಾಗಿ ಮುಗಿಯುವ ಪುಟ್ಟ ಗಿಡಗಳು. ಮಣ್ಣಲ್ಲಿ ಸಿಗದ ಸಾರಜನಕವನ್ನು ಕೀಟ ಹಿಡಿದು ಪಡೆಯುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾ ಇಲ್ಲಿನವೇ. ಮೇ ತಿಂಗಳಲ್ಲಿ ನೋಡಿ ‘ಪಾಳು ಬಂಡೆ’ ಎಂದು ಬರೆದುಕೊಂಡು ಹೋದ ಸಮೀಕ್ಷೆಗೆ ಬೆಲೆಯಿಲ್ಲ. ಆಗಸ್ಟ್‌–ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಹೋಗಬೇಕು.

ಪಕ್ಕಪಕ್ಕದ ಎರಡು ಅಳಿವೆ, ಒಂದೇ ಮಳೆ, ಒಂದೇ ಕಡಲು. ಒಂದರಲ್ಲಿ ಚಿಪ್ಪು ಸಮೃದ್ಧ, ಇನ್ನೊಂದರಲ್ಲಿ ಇಲ್ಲ. ಏನು ಕಾರಣ?

ಉಪ್ಪು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪು ಒಳಗೆ ಬರುತ್ತದೆ, ಬಳಚು ಮತ್ತಿತರ ಚಿಪ್ಪುಗಳು ಈ ತಾಳಕ್ಕೆ ಒಗ್ಗಿಕೊಂಡಿವೆ. ಶರಾವತಿಯಲ್ಲಿ 1964ರ ಲಿಂಗನಮಕ್ಕಿ ಮತ್ತು ಆಮೇಲಿನ ಗೇರುಸೊಪ್ಪ ಅಣೆಕಟ್ಟಿನ ವಿದ್ಯುತ್ ಘಟಕಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುತ್ತದೆ. ಉಪ್ಪು ಏರಬೇಕಾದ ಕಾಲದಲ್ಲಿ ಏರದೆ ಅಲ್ಲಿನ ಚಿಪ್ಪಿನ ಮೀನುಗಾರಿಕೆ ಕುಸಿಯಿತು. ಹವಾಮಾನದ ನಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ಈ ವ್ಯತ್ಯಾಸ ಅದರಲ್ಲಿ ಕಾಣದು. ಅಳಿವೆಯ ಜೀವಿಗಳನ್ನು ಅಭ್ಯಾಸ ಮಾಡುವವರು ಕನಿಷ್ಠ ಮೂರು ಕಾಲದಲ್ಲಿ, ಉಬ್ಬರ ಮತ್ತು ಇಳಿತ ಎರಡರಲ್ಲೂ, ಮೇಲ್ನೀರು ಮತ್ತು ತಳದ ನೀರನ್ನು ಬೇರೆ ಬೇರೆ ಅಳೆಯಬೇಕು. ಉಪ್ಪುನೀರು ಭಾರ, ತಳದಲ್ಲಿ ಹರಿಯುತ್ತದೆ. ಮೇಲಿನದನ್ನು ಮಾತ್ರ ಅಳೆದರೆ ಚಿಪ್ಪು ಇರುವ ಕಡೆಯ ಸುದ್ದಿಯೇ ಸಿಗದು.

ಎತ್ತರ ಏರಿದರೆ ಎಷ್ಟು ತಂಪು? ಬಿಸಿ ಹೆಚ್ಚಾದರೆ ಜೀವಿಗಳು ಸುಮ್ಮನೆ ಮೇಲಕ್ಕೆ ಹೋಗಬಹುದಲ್ಲ?

ಸರಾಸರಿ ಲೆಕ್ಕದಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ. ಮಂಗಳೂರಿನ ವಾರ್ಷಿಕ ಸರಾಸರಿ 27 ಡಿಗ್ರಿ ಆಸುಪಾಸು, 1,900 ಮೀ. ದಾಟುವ ಮುಳ್ಳಯ್ಯನಗಿರಿಯ ತುದಿಯಲ್ಲಿ ಅದು 15ರ ಹತ್ತಿರ. ಇದನ್ನೇ ತಿರುಗಿಸಿದರೆ ಒಂದು ಡಿಗ್ರಿ ಬಿಸಿ ಏರಿದಾಗ ಅದೇ ತಂಪು ಬೇಕೆಂದರೆ ಸುಮಾರು 150 ಮೀ. ಮೇಲೆ ಹೋಗಬೇಕು.

ಆದರೆ ಬೆಟ್ಟ ಮೇಲೆ ಹೋದಂತೆ ಚೂಪಾಗುತ್ತದೆ, ಜಾಗ ಕುಗ್ಗುತ್ತದೆ. 1,600 ಮೀ. ಮೇಲಿನ ಶೋಲಾದಲ್ಲಿ, ಅಂದರೆ ಎತ್ತರದ ಬೆಟ್ಟಗಳ ನಿತ್ಯಹಸಿರು ಕಾಡಿನಲ್ಲಿ, ಬದುಕುವ ಹಕ್ಕಿಗೆ ಬಾಬಾಬುಡನ್‌ಗಿರಿಯಲ್ಲಿ ಏರಲು ಉಳಿದಿರುವುದು ಮುನ್ನೂರು ಚಿಲ್ಲರೆ ಮೀಟರ್. ಅದರಾಚೆ ಆಕಾಶ. ಇನ್ನೊಂದು ತೊಡಕು, ಹಕ್ಕಿ ಹಾರಬಲ್ಲದು, ಅದಕ್ಕೆ ಬೇಕಾದ ಮರ ಅದೇ ವೇಗದಲ್ಲಿ ಏರಲಾರದು.

ಒಂದು ಬೆಟ್ಟದ ಹಕ್ಕಿ ಪಕ್ಕದ ಬೆಟ್ಟಕ್ಕೆ ಯಾಕೆ ಹೋಗಿಲ್ಲ?

ನಡುವಿನ ತಗ್ಗು ದಾಟಲಿಲ್ಲ. ಪಾಲಕ್ಕಾಡಿನ ಸುಮಾರು 30 ಕಿ.ಮೀ. ಅಗಲದ ಕಣಿವೆಯ ಉತ್ತರಕ್ಕೆ, ನೀಲಗಿರಿಯಿಂದ ಬಾಬಾಬುಡನ್‌ಗಿರಿಯವರೆಗೆ, ನೀಲಗಿರಿ ಶೋಲಾಕಿಲಿ ಎಂಬ ಹಕ್ಕಿ. ದಕ್ಷಿಣದಲ್ಲಿ ಬಿಳಿ ಹೊಟ್ಟೆಯ ಶೋಲಾಕಿಲಿ. ಹವಾಮಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇಲ್ಲಿ ಉತ್ತರ ಕೊಡುವುದು ಹವಾಮಾನವಲ್ಲ, ಇತಿಹಾಸ.

ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಜೀವಿಗಳು ಹೆಚ್ಚುತ್ತವೆಯೇ?

ಇಲ್ಲ. ಇದಕ್ಕೆ ಇಷ್ಟು ಖಡಾಖಂಡಿತ ಉತ್ತರ ಕೊಡಲು ಕಾರಣವಿದೆ. ಕೃಷ್ಣಮೃಗ ದೂರದಿಂದ ತೋಳನನ್ನು ಕಂಡು ಓಡಿ ಬದುಕುವ ಪ್ರಾಣಿ. ಕಣ್ಣಿಗೆ ಮರ ಅಡ್ಡ ಬಂದರೆ ಅದರ ಬದುಕಿನ ಉಪಾಯವೇ ಹೋಯಿತು. 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಾದ ರಾಣೆಬೆನ್ನೂರಿನ 119 ಚದರ ಕಿ.ಮೀ.ಯಲ್ಲಿ ದೊಡ್ಡ ಪಾಲು ನೀಲಗಿರಿ ತೋಪಾಯಿತು. ಮೃಗಗಳು ತೆರೆದ ಜಾಗವನ್ನೂ ಸುತ್ತಲಿನ ಹೊಲವನ್ನೂ ಹುಡುಕಿಕೊಂಡವು, ರೈತರಿಗೆ ಬೆಳೆ ನಷ್ಟ. ಇದಕ್ಕೆ ಹೋಲಿಸಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು 798 ಎಕರೆಯಷ್ಟೇ, ಆದರೂ ತೆರೆದ ಹುಲ್ಲು ಇರುವುದರಿಂದ ಅಲ್ಲಿ ಹಿಂಡು ಕಾಣಸಿಗುತ್ತದೆ. ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಎರೆಭೂತಕ್ಕಂತೂ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡಿಗೆ, ಮರದ ಸಾಲಿನಷ್ಟೇ ವಿದ್ಯುತ್ ತಂತಿಯೂ ಮಾರಕ. ಸಿರುಗುಪ್ಪದ ಎರೆ ಭೂಮಿಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ.

ಕಂದಾಯ ದಾಖಲೆಯಲ್ಲಿ ಈ ನೆಲಕ್ಕೆ ‘ಬಂಜರು’ ಎಂಬ ಹೆಸರಿರುವುದೇ ಅರ್ಧ ತೊಂದರೆಗೆ ಮೂಲ. ನಿಮ್ಮ ಊರಿನ ಕಾವಲಿನಲ್ಲಿ ಗಿಡ ನೆಡುವ ಯೋಜನೆ ಬಂದರೆ ಮೊದಲು ಕೇಳಬೇಕಾದ್ದು: ಇಲ್ಲಿ ಹಿಂದೆ ಕಾಡಿತ್ತೇ? ಹಳೆಯ ಸರ್ವೆ ನಕ್ಷೆ, ದನಗಾಹಿಗಳ ನೆನಪು, ಮಣ್ಣಿನ ಆಳ ಈ ಮೂರೂ ಇಲ್ಲ ಎಂದರೆ ಸಸಿಗಳನ್ನು ಕೆರೆ ಏರಿಗೋ ಹೊಲದ ಬದುವಿಗೋ ಕಳಿಸಿ.

ರಣಹದ್ದು ನಮ್ಮ ಊರಿಂದ ಮಾಯವಾದದ್ದು ಹವಾಮಾನ ಬದಲಾವಣೆಯಿಂದಲೇ?

ಅಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸಿತು. ಪಶುಬಳಕೆಗೆ ಅದನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ಬಂಡೆಯಂಥ ಒಳ್ಳೆಯ ಗೂಡಿನ ಜಾಗ ಈಗಲೂ ಹಾಗೇ ಇದೆ. ಜಾಗ ಇದ್ದೂ ಜೀವಿ ಹೆಚ್ಚುಕಡಿಮೆ ಇಲ್ಲವಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮಲೆನಾಡಿನ ತೋಟಕ್ಕೆ ನವಿಲು ಬಂದದ್ದು?

ನವಿಲು ಒಣ ಕುರುಚಲು ಮತ್ತು ಹೊಲದ ಹಕ್ಕಿ. ಹಿಂದೆ ಅಪರೂಪವಾಗಿದ್ದ ಕಡೆ ಈಗ ಕೂಗು ಕೇಳುತ್ತಿದೆ ಎಂದರೆ ‘ಮಲೆನಾಡು ಒಣಗಿತು’ ಎಂದು ತಟ್ಟನೆ ಹೇಳುವವರಿದ್ದಾರೆ. ಹವಾಮಾನ ಒಂದರ ಮೇಲೆ ಹೊರೆ ಹಾಕುವುದು ಆತುರ. ಕಾಡಿನ ನೆತ್ತಿ ತೆರೆದದ್ದು, ಗದ್ದೆ ಹಾಳುಬಿದ್ದು ಕುರುಚಲಾದದ್ದು, ಬೇಟೆ ಕಡಿಮೆಯಾದದ್ದು ಎಲ್ಲವೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಬಿಡಿಸಿ ನೋಡಬೇಕೆಂದರೆ ಒಂದೇ ತಾಲ್ಲೂಕಿನಲ್ಲಿ ಭೂಬಳಕೆ ಬದಲಾದ ಮತ್ತು ಬದಲಾಗದ ಹಳ್ಳಿಗಳನ್ನು ಹೋಲಿಸಿ. ಮಳೆ ಎರಡಕ್ಕೂ ಒಂದೇ. ಬದಲಾಗದ ಹಳ್ಳಿಗೂ ನವಿಲು ಬಂದಿದ್ದರೆ ಆಗ ಹವಾಮಾನದ ಮಾತು ಗಟ್ಟಿಯಾಗುತ್ತದೆ.

ಐದು ಸಲ ಹೋದೆ, ಕಾಣಲಿಲ್ಲ. ಇಲ್ಲ ಎಂದು ಬರೆಯಬಹುದೇ?

ಒಂದು ಭೇಟಿಯಲ್ಲಿ ಆ ಜೀವಿ ಇದ್ದರೂ ಕಾಣುವ ಸಾಧ್ಯತೆ 30% ಎಂದಿಟ್ಟುಕೊಳ್ಳಿ. ಐದು ಭೇಟಿಯಲ್ಲೂ ತಪ್ಪಿಹೋಗುವ ಸಾಧ್ಯತೆ 0.7ರ ಐದನೇ ಘಾತ, ಅಂದರೆ 17%. 5%ಗಿಂತ ಕೆಳಗಿಳಿಸಲು ಒಂಬತ್ತು ಭೇಟಿ ಬೇಕು. ಕಾಳಿಂಗ ಸರ್ಪದಂಥ ಪ್ರಾಣಿಗೆ ಈ 30% ಕೂಡ ಕನಸು. ‘ಇಲ್ಲ’ ಎನ್ನುವ ಬದಲು ‘ಇಷ್ಟು ಭೇಟಿ, ಇಷ್ಟು ಗಂಟೆ, ಈ ತಿಂಗಳು, ಕಂಡಿಲ್ಲ’ ಎಂದು ಬರೆದಿಟ್ಟರೆ ಆ ದಾಖಲೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಇ-ಬರ್ಡ್‌ನಲ್ಲಿ ಹಕ್ಕಿ ದಾಖಲಿಸುವವರು 15 ನಿಮಿಷದ ಪೂರ್ಣ ಪಟ್ಟಿ ಹಾಕಬೇಕು ಎನ್ನುವುದೂ ಇದಕ್ಕೇ. ಕಂಡ ಎಲ್ಲ ಹಕ್ಕಿಗಳನ್ನೂ ಬರೆದ ಪಟ್ಟಿಯಿಂದ ಮಾತ್ರ ಕಾಣದ್ದರ ಬಗ್ಗೆ ಏನಾದರೂ ಹೇಳಬಹುದು. ಕಾಗೆ, ಮೈನಾ ಬಿಟ್ಟು ಬರೆದರೆ ಆ ಗುಣ ಹೋಗುತ್ತದೆ.

ಸ್ಥಳ ದಾಖಲಿಸುವಾಗ ಎಲ್ಲಿ ತಪ್ಪಾಗುತ್ತದೆ?

ಅಕ್ಷಾಂಶ–ರೇಖಾಂಶ ಅದಲುಬದಲು ಆಗುವುದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಅಕ್ಷಾಂಶ 11ರಿಂದ 19ರೊಳಗೆ, ರೇಖಾಂಶ 74ರಿಂದ 79ರೊಳಗೆ ಇರಬೇಕು, ಒಂದೇ ನೋಟದಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕದ ತಪ್ಪು ಬೇರೆ: 14 ಡಿಗ್ರಿ 30 ನಿಮಿಷವನ್ನು 14.30 ಎಂದು ಬರೆಯುವುದು. ಅದು 14.50 ಆಗಬೇಕು. ಈ ಒಂದು ಎಡವಟ್ಟಿಗೆ ಜೀವಿ 22 ಕಿ.ಮೀ. ದಕ್ಷಿಣಕ್ಕೆ ಹೋಗುತ್ತದೆ, ಘಟ್ಟದಲ್ಲಿ ಅಷ್ಟು ದೂರ ಎಂದರೆ ಬೇರೆಯದೇ ಕಾಡು. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀ. ನಿಖರತೆ, ಎರಡೇ ಬರೆದರೆ 1.1 ಕಿ.ಮೀ. ಎತ್ತರ, ಮರದ ನೆತ್ತಿ ಮುಚ್ಚಿದೆಯೇ, ಹತ್ತಿರದ ನೀರು ಎಷ್ಟು ದೂರ, ಇವನ್ನು ಅಲ್ಲೇ ನಿಂತು ಬರೆಯಿರಿ.

ಜೀವಿಗಳನ್ನು ದಾಖಲಿಸುವ ಐ-ನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ಬೇಕೆಂದೇ 0.2 ಡಿಗ್ರಿ ಚೌಕದೊಳಗೆ ಮಸುಕು ಮಾಡುತ್ತದೆ. ಬೇಟೆ, ಫೋಟೊ ಕಾಟ ತಪ್ಪಿಸಲು ಅದು ಬೇಕು. ಆದರೆ ಆ ಬಿಂದುಗಳನ್ನು ನಕ್ಷೆಯ ಮಾದರಿಗೆ ಹಾಗೇ ಸುರಿದರೆ ಸಿಂಗಳೀಕ ಕಡಲಿನಲ್ಲಿ ಈಜುತ್ತಿರುತ್ತದೆ.

ಜೀವಿ ಎಲ್ಲಿರಬಹುದೆಂದು ಊಹಿಸುವ ತಂತ್ರಾಂಶ ಮ್ಯಾಕ್ಸೆಂಟ್‌ನಲ್ಲಿ ನಕ್ಷೆ ಮಾಡಿದೆ, ಬಹಳ ಚೆನ್ನಾಗಿ ಬಂತು. ನಂಬಬಹುದೇ?

ಚೆನ್ನಾಗಿ ಬಂದಾಗಲೇ ಅನುಮಾನ ಹೆಚ್ಚಿರಲಿ. ನೋಡಬೇಕಾದ್ದು ಇವು:

ಜೀವಿ ಕಂಡ ಬಿಂದುಗಳು ರಸ್ತೆಯ ಬದಿಯಲ್ಲಿ, ಬೆಂಗಳೂರಿನ ಸುತ್ತ ಮುತ್ತಿಕೊಂಡಿದ್ದರೆ ನಿಮ್ಮ ನಕ್ಷೆ ಜೀವಿಯದ್ದಲ್ಲ, ನೋಡುವವರದ್ದು. ಒಂದು ಚೌಕಕ್ಕೆ ಒಂದೇ ಬಿಂದು ಉಳಿಸಿ, ಹೋಲಿಕೆಗೆ ತೆಗೆದುಕೊಳ್ಳುವ ಹಿನ್ನೆಲೆ ಬಿಂದುಗಳನ್ನೂ ಜನ ಓಡಾಡುವ ಕಡೆಯಿಂದಲೇ ಆರಿಸಿ.

ಜಾಗತಿಕ ಹವಾಮಾನ ದತ್ತಾಂಶವಾದ ವರ್ಲ್ಡ್‌ಕ್ಲಿಮ್‌ನ 19 ಹವಾಮಾನ ಅಂಶಗಳನ್ನೂ ಒಟ್ಟಿಗೆ ಹಾಕಬೇಡಿ. ಪರಸ್ಪರ ಸಹಸಂಬಂಧ 0.7 ದಾಟಿದ ಜೋಡಿಯಲ್ಲಿ ಒಂದನ್ನು ಬಿಡಿ. ಯಾವುದನ್ನು ಉಳಿಸಬೇಕು ಎಂದರೆ ಜೀವಿಯ ದೇಹಕ್ಕೆ ಅರ್ಥವಿರುವುದನ್ನು. ನಮ್ಮಲ್ಲಿ ವಾರ್ಷಿಕ ಮಳೆ ಬಿಟ್ಟು ಒಣ ತ್ರೈಮಾಸಿಕದ ಮಳೆ ಉಳಿಸಿದರೆ ಫಲಿತಾಂಶ ಹೆಚ್ಚು ನಂಬಲರ್ಹವಾಗಿರುತ್ತದೆ.

ಆ ದತ್ತಾಂಶದ ಅತಿ ಸಣ್ಣ ಚೌಕ ಸುಮಾರು 1 ಕಿ.ಮೀ. ಘಾಟಿಯಂಥ ಕಡಿದಾದ ಕಡೆ ಒಂದೇ ಚೌಕದೊಳಗೆ 300 ಮೀ. ಏರಿಳಿತ ಇರಬಹುದು, ಅಂದರೆ 2 ಡಿಗ್ರಿ ವ್ಯತ್ಯಾಸ ಒಂದೇ ಅಂಕಿಯಲ್ಲಿ ಕರಗಿಹೋಗಿದೆ. ಜೊತೆಗೆ ಅದು 1970–2000ರ ಸರಾಸರಿ. ನಿಮ್ಮ ಬಿಂದುಗಳು ಕಳೆದ ವರ್ಷದವು. ಮರದಡಿಯ ಕಪ್ಪೆಗೆ ಇದ್ಯಾವುದೂ ಸಾಲದು. ಸಣ್ಣ ಉಷ್ಣಾಂಶ ದಾಖಲಕವನ್ನು ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ, ಬಿಸಿಲು ನೇರ ಬೀಳದಂತೆ, ಗಾಳಿಯಾಡುವ ಮರೆ ಕಟ್ಟಿ ತೂಗುಹಾಕಿ, ಇನ್ನೊಂದನ್ನು ತರಗೆಲೆಯ ಕೆಳಗಿಡಿ. ಮರೆಯಿಲ್ಲದಿದ್ದರೆ ಅದು ಅಳೆಯುವುದು ಗಾಳಿಯನ್ನಲ್ಲ, ತನ್ನದೇ ಡಬ್ಬಿಯ ಕಾವನ್ನು.

ಪರೀಕ್ಷೆಗೆ ಬಿಂದುಗಳನ್ನು ಎಲ್ಲೆಂದರಲ್ಲಿ ಆರಿಸದೆ ಒಂದು ಇಡೀ ಜಿಲ್ಲೆಯನ್ನೇ ಪಕ್ಕಕ್ಕಿಡಿ. ಅದನ್ನು ಸರಿಯಾಗಿ ಊಹಿಸಿದರೆ ಮಾತ್ರ ಮಾದರಿಗೆ ಅಂಕ ಕೊಡಿ.

ಮಲೆನಾಡಿನ ಮರ ಬೆಂಗಳೂರಿನ ಮನೆಯಂಗಳದಲ್ಲಿ ಚೆನ್ನಾಗಿ ಬೆಳೆದಿದೆಯಲ್ಲ, ಹಾಗಾದರೆ ಹವಾಮಾನ ಅಡ್ಡಿ ಎಲ್ಲಿ?

ಬೇಸಿಗೆಯಲ್ಲಿ ನೀವು ಬಿಟ್ಟ ನೀರಿನಿಂದ ಅದರ ಒಣ ತಿಂಗಳನ್ನು ಅಳಿಸಿದ್ದೀರಿ. ಪಕ್ಕದ ಗಿಡದ ಪೈಪೋಟಿಯನ್ನೂ ಕಳೆ ಕಿತ್ತು ತೆಗೆದಿದ್ದೀರಿ. ನಿಜವಾದ ಪರೀಕ್ಷೆ ಮರ ಬದುಕಿತೇ ಎಂಬುದಲ್ಲ, ಅದರ ಬೀಜ ಯಾರೂ ನೀರು ಹಾಕದೆ ಹುಟ್ಟಿ ಮೂರು ಬೇಸಿಗೆ ದಾಟಿತೇ ಎಂಬುದು. ರಾಮಪತ್ರೆಯ ಬೀಜ ಭತ್ತದಂತೆ ಒಣಗಿಸಿಡುವಂಥದ್ದಲ್ಲ, ಒಣಗಿದರೆ ಸಾಯುತ್ತದೆ. ಸಸಿ ಮಾಡುವವರು ಹಣ್ಣು ಬಿದ್ದ ಕೂಡಲೇ ಪತ್ರೆ ಬಿಡಿಸಿ, ನೆರಳಿನಲ್ಲಿ ಒದ್ದೆ ಮರಳಿನಲ್ಲಿ ಬೀಜದಷ್ಟೇ ಆಳಕ್ಕೆ ಊರಬೇಕು, ಮರಳು ಒಂದು ದಿನವೂ ಒಣಗಬಾರದು. ದೂರದ ಊರಿಗೆ ಒಯ್ಯಬೇಕಿದ್ದರೆ ತೇವದ ತೆಂಗಿನ ನಾರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದ ಬಾಯಿ ಪೂರ್ತಿ ಕಟ್ಟದೆ ಒಯ್ಯಿರಿ. ಬಿಗಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ.